ಚಕಮಕಿ ಕೋವಿ

ಚಕಮಕಿ ಕಲ್ಲು ಉಕ್ಕನ್ನು ಕೆರೆದಾಗ ಹಾರುವ ಕಿಡಿಯಿಂದ ಮದ್ದು ಹೊತ್ತಿ ಗುಂಡು ಹಾರುವ ಕೋವಿ. ಮದ್ದು, ಗುಂಡು ಎರಡನ್ನೂ ನಳಿಗೆಯ ಬಾಯಿಯಿಂದ ಹಾಕಿ ಗಜದಿಂದ ಜಡಿಯಬೇಕು. (ಉದ್ದ ಅಳೆಯುವುದಕ್ಕೂ ಗಜ, ಕೋವಿ ಜಡಿಯುವ ಕೋಲಿಗೂ ಗಜ, ಓದುಗರು ಸಂದರ್ಭ ನೋಡಿಕೊಳ್ಳಬೇಕು.) 17ನೆಯ ಶತಮಾನದ ಆರಂಭದಲ್ಲಿ ಫ್ರಾನ್ಸಿನಲ್ಲಿ ರೂಪುಗೊಂಡ ಈ ಕೋವಿ 1840ರ ದಶಕದವರೆಗೆ ಯುರೋಪಿನ ಕಾಲಾಳುಗಳ ಮುಖ್ಯ ಆಯುಧವಾಗಿತ್ತು. ನಳಿಗೆಯ ಒಳಮೈಯಲ್ಲಿ ಸುರುಳಿಗೆರೆ ಕೊರೆದಿದ್ದರೆ ಅದು ರೈಫಲ್. ಒಳಮೈ ನುಣ್ಣಗಿದ್ದರೆ ನಯನಳಿಗೆಯ ಕೋವಿ. ಈ ಲೇಖನ ಎರಡನೆಯದನ್ನು ಕುರಿತದ್ದು. ಇದಕ್ಕೆ ಒಂಟಿ ಗುಂಡನ್ನೂ ಹಾಕಬಹುದು, ಹಕ್ಕಿ ಹೊಡೆಯುವ ಸಣ್ಣ ಚರೆಯನ್ನೂ ಹಾಕಬಹುದು. ಸೈನಿಕ, ರೈತ, ಬೇಟೆಗಾರ ಮೂವರ ಕೈಗೂ ಅದು ಒಗ್ಗಿದ್ದು ಇದರಿಂದಲೇ.

ಕೈಯಿಂದ ಮಾಡಿದ ಹಳೆಯ ಕೋವಿ ಎಂದೊಡನೆ ಒಬ್ಬನೇ ಕಮ್ಮಾರ ಕುಲುಮೆಯ ಮುಂದೆ ಕುಳಿತು ನಳಿಗೆಯಿಂದ ಮೊಳೆಯವರೆಗೆ ಎಲ್ಲವನ್ನೂ ಬಡಿದು ಮುಗಿಸುವ ಚಿತ್ರ ಕಣ್ಣಿಗೆ ಬರುತ್ತದೆ. ಇತಿಹಾಸ ಈ ಚಿತ್ರವನ್ನು ಅಷ್ಟಾಗಿ ಒಪ್ಪುವುದಿಲ್ಲ. ಚಕಮಕಿ ಕೋವಿ ಬಹುಪಾಲು ಹಲವು ಕಸುಬುಗಳ ಕೂಡುಗೆಲಸವಾಗಿತ್ತು. ಒಬ್ಬನೇ ಇಡೀ ಕೋವಿಯನ್ನು ಮಾಡಬೇಕೆಂಬ ಹಟ ಹೆಚ್ಚಾಗಿ 20ನೆಯ ಶತಮಾನದ್ದು.

ಹುಟ್ಟು

ಇದಕ್ಕೆ ಮೊದಲಿದ್ದದ್ದು ಬತ್ತಿ ಕೋವಿ. ಹೊಗೆಯಾಡುತ್ತಿರುವ ಹುರಿಯನ್ನು ಮದ್ದಿಗೆ ಮುಟ್ಟಿಸಿದರೆ ಈಡು ಹಾರುತ್ತಿತ್ತು. ಸರಳ, ಅಗ್ಗ; ಆದರೆ ಮಳೆಯಲ್ಲಿ ಬತ್ತಿ ಆರುತ್ತಿತ್ತು, ಕತ್ತಲಲ್ಲಿ ಅದರ ಕೆಂಡವೇ ಶತ್ರುವಿಗೆ ಗುರುತು ಹೇಳುತ್ತಿತ್ತು, ಮದ್ದಿನ ಪೀಪಾಯಿಯ ಪಕ್ಕದಲ್ಲಿ ಉರಿಯುವ ಹುರಿ ಹಿಡಿದು ನಿಲ್ಲುವುದು ಯಾರಿಗೂ ಹಿತವಲ್ಲ. ಗಡಿಯಾರದಂತೆ ಕೀಲಿ ಕೊಟ್ಟು ಚಕ್ರ ತಿರುಗಿಸಿ ಕಿಡಿ ತೆಗೆಯುವ ಇನ್ನೊಂದು ಬಗೆ 16ನೆಯ ಶತಮಾನದಲ್ಲಿ ಬಂತಾದರೂ ಅದರ ಬೆಲೆ ಶ್ರೀಮಂತರಿಗೆ ಮಾತ್ರ ಎಟುಕುತ್ತಿತ್ತು. ಅದೇ ಶತಮಾನದಲ್ಲಿ ಕಲ್ಲಿನಿಂದ ಉಕ್ಕಿಗೆ ಹೊಡೆದು ಕಿಡಿ ತೆಗೆಯುವ ಹಲವು ಬಗೆಯ ಲಾಕುಗಳು ಯುರೋಪಿನಲ್ಲಿ ಹುಟ್ಟಿಕೊಂಡವು. ಇವುಗಳಲ್ಲಿ ಸ್ಪೇನಿನ ಮಿಕ್ಯುಲೆಟ್ ಮಾದರಿ ಬಹುಕಾಲ ಬಾಳಿತು.

ಇವುಗಳ ಒಳ್ಳೆಯ ಅಂಶಗಳನ್ನು ಒಂದೇ ಲಾಕಿಗೆ ತಂದವನೆಂದು ಹೆಸರಾದವನು ನಾರ್ಮಂಡಿಯ ಲಿಸ್ಯೂ ಊರಿನ ಮಾರಿನ್ ಲ ಬೂರ್ಜ್ವಾ. ಕಾಲ ಸುಮಾರು 1610. ಅವನು ಚಿತ್ರಕಾರನೂ ಹೌದು, ವಾದ್ಯ ತಯಾರಕನೂ ಹೌದು; 1608ರಲ್ಲಿ ದೊರೆ ನಾಲ್ಕನೆಯ ಹೆನ್ರಿ ಅವನಿಗೆ ಲೂವ್ರ್ ಅರಮನೆಯಲ್ಲೇ ಬಿಡಾರ ಕೊಟ್ಟಿದ್ದ. ಕಿಡಿ ಕೊಡುವ ಉಕ್ಕನ್ನೂ ಮದ್ದಿನ ಬಟ್ಟಲಿನ ಮುಚ್ಚಳವನ್ನೂ ಒಂದೇ ತುಂಡಾಗಿಸಿದ್ದು ಈ ಮಾದರಿಯ ಒಂದು ಗುಣ. ಕಲ್ಲನ್ನು ಕಚ್ಚಿಕೊಂಡ ಕುದುರೆ ಎಂಬ ಭಾಗವನ್ನು ಅರ್ಧಕ್ಕೆ ಎಳೆದಾಗ ಒಂದು ಕಡೆ, ಪೂರ್ತಿ ಎಳೆದಾಗ ಇನ್ನೊಂದು ಕಡೆ ಕಚ್ಚಿ ನಿಲ್ಲುವ ಒಳಗಿನ ಏರ್ಪಾಡು ಇನ್ನೊಂದು. ದೊರೆ ಹದಿಮೂರನೆಯ ಲೂಯಿ ಕೋವಿಗಳ ಹುಚ್ಚು ಹಿಡಿಸಿಕೊಂಡವನಾದ್ದರಿಂದ ಈ ಮನೆತನದ ಕೋವಿಗಳು ಅವನ ಸಂಗ್ರಹ ಸೇರಿದವು. ಅವುಗಳಲ್ಲಿ ಒಂದು ಈಗ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿದೆ. ಈ ಲಾಕು 1840ರ ದಶಕದವರೆಗೂ ನಡೆಯಿತು; ಕಸುಬಿನ ದೃಷ್ಟಿಯಿಂದ ನೋಡಿದರೆ ಇಷ್ಟು ದೀರ್ಘಕಾಲ ಹೆಚ್ಚು ಬದಲಾಗದೆ ನಡೆದ ಯಂತ್ರಗಳು ಕಡಿಮೆ.

ಲಾಕು

ಕೋವಿಯ ಜೀವ ಇರುವುದು ಲಾಕಿನಲ್ಲಿ. ಹೊರಗೆ ಕಾಣುವ ಮುಖ್ಯ ಭಾಗಗಳು ಮೂರು: ತುಟಿಗಳ ನಡುವೆ ಕಲ್ಲನ್ನು ಕಚ್ಚಿಕೊಂಡ ಕುದುರೆ, ಅದರ ಎದುರಿಗೆ ನಿಂತ ಉಕ್ಕಿನ ಮುಚ್ಚಳ, ಮುಚ್ಚಳದ ಕೆಳಗೆ ರಂಜಕದ ಬಟ್ಟಲು. ರಂಜಕವೆಂದರೆ ಕಿಡಿ ಹಿಡಿಯಲು ಬಟ್ಟಲಿಗೆ ಹಾಕುವ ನುಣುಪಾದ ಮದ್ದು. ಬಟ್ಟಲಿನಿಂದ ನಳಿಗೆಯ ಒಳಕ್ಕೆ ಹೋಗುವ ಸಣ್ಣ ತೂತಿಗೆ ಕಿವಿ ಎಂದು ಹೆಸರು. ಟ್ರಿಗರ್ ಎಳೆದರೆ ಕುದುರೆ ಮುಂದಕ್ಕೆ ಬೀಳುತ್ತದೆ, ಕಲ್ಲು ಉಕ್ಕಿನ ಮೈಯನ್ನು ಮೇಲಿಂದ ಕೆಳಗೆ ಕೆರೆಯುತ್ತದೆ, ಆ ಪೆಟ್ಟಿಗೇ ಮುಚ್ಚಳ ತೆರೆದುಕೊಳ್ಳುತ್ತದೆ, ಕಿಡಿಗಳು ರಂಜಕದ ಮೇಲೆ ಉದುರುತ್ತವೆ. ಬಟ್ಟಲಿನ ಬೆಂಕಿ ಕಿವಿಯ ಮೂಲಕ ಹಾದು ನಳಿಗೆಯ ಬುಡದಲ್ಲಿರುವ ಮದ್ದಿಗೆ ತಾಗುತ್ತದೆ.

ಕಿಡಿ ಕಲ್ಲಿನದೆಂಬುದು ತಪ್ಪು ತಿಳಿವಳಿಕೆ. ಕಿಡಿ ಉಕ್ಕಿನದು. ಕಲ್ಲಿನ ಹರಿತ ಅಂಚು ಉಕ್ಕಿನಿಂದ ಕೂದಲೆಳೆಯಂಥ ಚೂರುಗಳನ್ನು ಹೆರೆದು ತೆಗೆಯುತ್ತದೆ. ಹೆರೆತದ ಕಾವಿಗೆ ಆ ಚೂರುಗಳು ಗಾಳಿಯಲ್ಲಿ ಹೊತ್ತಿ ಉರಿಯುತ್ತವೆ. ಆದ್ದರಿಂದ ಮುಚ್ಚಳದ ಮೈ ಕಲ್ಲಿಗೆ ಸೋಲದಷ್ಟು ಗಟ್ಟಿಯಾಗಿರಬೇಕು, ಹಾಗೆಂದು ಪೆಟ್ಟಿಗೆ ಸಿಡಿಯುವಷ್ಟು ಬಿರುಸಾಗಿರಬಾರದು. ಮೆದುವಾದರೆ ಕಲ್ಲು ಅದನ್ನು ಉಳುತ್ತದೆಯೇ ಹೊರತು ಕಿಡಿ ಕೊಡುವುದಿಲ್ಲ. ಲಾಕಿನ ಮೂರು ಸ್ಪ್ರಿಂಗುಗಳ ಕಥೆಯೂ ಇದೇ. ದೊಡ್ಡ ಸ್ಪ್ರಿಂಗು ಬಲವಾಗಿದ್ದು ಮುಚ್ಚಳದ ಸ್ಪ್ರಿಂಗು ಅದಕ್ಕೆ ತಕ್ಕಂತಿಲ್ಲದಿದ್ದರೆ ಕಲ್ಲು ಪುಡಿಯಾಗುತ್ತದೆ ಅಥವಾ ಮುಚ್ಚಳ ತಡವಾಗಿ ತೆರೆಯುತ್ತದೆ. ಕಾಸಿ, ಅದ್ದಿ, ಮತ್ತೆ ಹದವಾಗಿ ಕಾಸಿ ಸ್ಪ್ರಿಂಗಿಗೆ ಹದ ಕೊಡುವ ಕೆಲಸದಲ್ಲಿ ಹಿಂದಿನ ಕಸುಬುದಾರರು ಉಷ್ಣಮಾಪಕ ಕಂಡವರಲ್ಲ. ಲೋಹದ ಬಣ್ಣ ನೋಡಿಯೇ ನಿರ್ಧರಿಸುತ್ತಿದ್ದರು. ಕೋವಿ ಮಾಡಲು ಹೊರಟವರ ತಾಳ್ಮೆ ಕೆಡುವುದು ನಳಿಗೆಯಲ್ಲಲ್ಲ, ಲಾಕಿನಲ್ಲಿ. ಅಮೆರಿಕದ ವಸಾಹತುಗಳ ಎಷ್ಟೋ ಹೆಸರಾಂತ ಕೋವಿಗಾರರು ಕೂಡ ಲಾಕನ್ನು ಬರ್ಮಿಂಗ್‌ಹ್ಯಾಮಿನಿಂದ ತರಿಸಿಕೊಂಡು ಕೂರಿಸುತ್ತಿದ್ದರು.

ಕಲ್ಲು

ಎಲ್ಲ ಕಲ್ಲೂ ನಡೆಯುವುದಿಲ್ಲ. ಸೀಮೆಸುಣ್ಣದ ಪದರಗಳಲ್ಲಿ ಸಿಗುವ ಫ್ಲಿಂಟ್ ಶಿಲೆ ಒಡೆದರೆ ಗಾಜಿನಂತೆ ಹರಿತ ಅಂಚು ಬಿಡುತ್ತದೆ. ಫ್ರಾನ್ಸಿನ ಮೆನ್ ಊರಿನ ಸುತ್ತಲ ಜೇನುಬಣ್ಣದ ಕಲ್ಲು, ಇಂಗ್ಲೆಂಡಿನ ಸಫೋಕಿನ ಬ್ರಾಂಡನ್ ಊರಿನ ಕಪ್ಪು ಕಲ್ಲು ಎರಡೂ ಹೆಸರು ಮಾಡಿದವು. ಬ್ರಾಂಡನ್ನಿನ ಕಲ್ಲೊಡೆಯುವವರು ತೊಡೆಗೆ ದಪ್ಪ ತೊಗಲು ಕಟ್ಟಿಕೊಂಡು, ಸುತ್ತಿಗೆಯ ಲೆಕ್ಕದ ಪೆಟ್ಟಿಗೆ ಉದ್ದನೆಯ ಪಟ್ಟಿ ಎಬ್ಬಿಸಿ, ಆ ಪಟ್ಟಿಯನ್ನು ಚೌಕಾಕಾರದ ಚೂರುಗಳಾಗಿ ತುಂಡರಿಸುತ್ತಿದ್ದರು. ಕಲ್ಲಿನ ದೂಳು ಅವರ ಶ್ವಾಸಕೋಶ ತಿಂದು ಹಾಕುತ್ತಿತ್ತು. ಆ ಊರಿನ ಕಸುಬುದಾರರಲ್ಲಿ ಬಹಳ ಮಂದಿ ಎಳೆಯ ವಯಸ್ಸಿಗೇ ಸತ್ತರು. ಯುರೋಪಿನ ಸೈನ್ಯಗಳು ಚಕಮಕಿಯನ್ನು ಬಿಟ್ಟ ಮೇಲೂ ಆಫ್ರಿಕದ ಬೇಡಿಕೆಯಿಂದಾಗಿ ಬ್ರಾಂಡನ್ನಿನ ಕೆಲಸ 20ನೆಯ ಶತಮಾನದವರೆಗೂ ನಡೆಯಿತು. ಕಲ್ಲನ್ನು ಕುದುರೆಯ ತುಟಿಗಳ ನಡುವೆ ಬರಿದಾಗಿ ಸಿಗಿಸುವುದಿಲ್ಲ, ತೊಗಲಿನ ಚೂರು ಇಲ್ಲವೇ ತೆಳು ಸೀಸದ ಹಾಳೆ ಸುತ್ತಿ ಬಿಗಿಯುತ್ತಾರೆ. ಹತ್ತಾರು ಈಡುಗಳಾದ ಮೇಲೆ ಅಂಚು ಮೊಂಡಾಗುತ್ತದೆ. ತಟ್ಟಿ ಹರಿತ ಮಾಡಬೇಕು, ಇಲ್ಲವೇ ಹೊಸದು ಹಾಕಬೇಕು.

ನಳಿಗೆ ಮತ್ತು ಮರ

ಹಳೆಯ ಕಾಲದ ನಳಿಗೆ ಮೆದುಕಬ್ಬಿಣದ್ದು. ಉದ್ದನೆಯ ಪಟ್ಟಿಯನ್ನು ಕಾಸಿ, ಸರಳಿನ ಸುತ್ತ ಮಡಿಸಿ, ಅಂಚಿಗೆ ಅಂಚು ಕೂಡಿಸಿ, ತುಸುತುಸುವೇ ಬಡಿದು ಬೆಸೆಯುತ್ತಿದ್ದರು. ಒಮ್ಮೆಗೆ ಬೆಸೆಯುವುದು ಕೆಲವೇ ಅಂಗುಲ. ಇಡೀ ನಳಿಗೆಗೆ ಹತ್ತಾರು ಸಲ ಕುಲುಮೆಗೆ ಇಟ್ಟು ತೆಗೆಯಬೇಕು. ಆಮೇಲೆ ಉದ್ದನೆಯ ಬೈರಿಗೆಯಿಂದ ಒಳಮೈ ಕೊರೆದು ನಯಗೊಳಿಸುವುದು. ನೆಟ್ಟಗಿದೆಯೇ ಎಂದು ನೋಡಲು ನಳಿಗೆಯೊಳಗೆ ಬಿಗಿಯಾದ ದಾರ ಹಾಯಿಸಿ ಬೆಳಕಿಗೆ ಹಿಡಿಯುತ್ತಿದ್ದರು. ದಾರದ ನೆರಳು ಎಲ್ಲಿ ಡೊಂಕಾಗುತ್ತದೋ ಅಲ್ಲಿ ಸುತ್ತಿಗೆ. ಕೊನೆಗೆ ಬುಡವನ್ನು ತಿರುಪು ಬಿರಡೆಯಿಂದ ಮುಚ್ಚುವುದು. ಬೆಸುಗೆಯಲ್ಲಿ ಒಂದು ಎಳೆಯಷ್ಟು ಕಿಟ್ಟ ಉಳಿದರೂ ನಳಿಗೆ ಒಂದು ದಿನ ಸಿಡಿಯುತ್ತದೆ, ಅದೂ ಹಾರಿಸುವವನ ಕೆನ್ನೆಯ ಪಕ್ಕದಲ್ಲಿ. ಹೀಗಾಗಿಯೇ ನಳಿಗೆಗಳನ್ನು ಹೆಚ್ಚು ಮದ್ದಿನಿಂದ ಪರೀಕ್ಷಿಸಿ ಮುದ್ರೆ ಒತ್ತುವ ಪದ್ಧತಿ ಬೆಳೆಯಿತು. ಲಂಡನ್ನಿನ ಕೋವಿಗಾರರ ಸಂಘಕ್ಕೆ 1637ರಲ್ಲಿ ರಾಜಪತ್ರ ಸಿಕ್ಕಿತು. ಬರ್ಮಿಂಗ್‌ಹ್ಯಾಮಿಗೆ ತನ್ನದೇ ಪರೀಕ್ಷಾಲಯ ಬಂದದ್ದು 1813ರ ಕಾಯಿದೆಯಿಂದ.

ನಳಿಗೆಯ ಅಗಲವನ್ನು ಬೋರ್ ಲೆಕ್ಕದಲ್ಲಿ ಹೇಳುವ ರೂಢಿ ಇಂದಿಗೂ ಉಳಿದಿದೆ. ಒಂದು ಪೌಂಡ್ ಸೀಸದಲ್ಲಿ ನಳಿಗೆಗೆ ಸರಿಹೊಂದುವ ಎಷ್ಟು ಉಂಡೆ ಆಗುತ್ತವೆಯೋ ಅಷ್ಟು ಬೋರ್. 12 ಬೋರ್ ಎಂದರೆ 0.729 ಅಂಗುಲ, 20 ಬೋರ್ ಎಂದರೆ 0.615 ಅಂಗುಲ. ಸಂಖ್ಯೆ ಹೆಚ್ಚಿದಂತೆ ನಳಿಗೆ ಸಣ್ಣದು. ನಮ್ಮ ಮಲೆನಾಡಿನ ತೋಟಾ ಕೋವಿಗಳ 12 ಬೋರ್ ಎಂಬ ಮಾತಿನ ಮೂಲ ಇದೇ.

ಮರ ಇಂಗ್ಲೆಂಡಿನಲ್ಲಿ ವಾಲ್‌ನಟ್, ಅಮೆರಿಕದಲ್ಲಿ ಹೆಚ್ಚಾಗಿ ಮೇಪಲ್. ಎಳೆಗಳು ಹಿಡಿಯ ಬಾಗಿನ ಜೊತೆಗೇ ಬಾಗಿ ಹರಿಯುವ ಹಲಗೆ ಆರಿಸಿದರೆ ಮಣಿಕಟ್ಟಿನ ಜಾಗದಲ್ಲಿ ಮರ ಸೀಳುವುದಿಲ್ಲ. ನಳಿಗೆ ಮತ್ತು ಲಾಕು ಕೂರಲು ಮರದಲ್ಲಿ ಉಳಿಯಿಂದ ತೋಡುವುದು ನಿಧಾನದ ಕೆಲಸ: ಲೋಹಕ್ಕೆ ಮಸಿ ಬಳಿದು ಒತ್ತುವುದು, ಮರದ ಮೇಲೆ ಮಸಿ ಅಂಟಿದಲ್ಲಿ ಮಾತ್ರ ಕೆತ್ತುವುದು, ಮತ್ತೆ ಒತ್ತುವುದು. ಅವಸರಪಟ್ಟವನ ಕೋವಿಯಲ್ಲಿ ಲಾಕಿನ ಸುತ್ತ ಸಂದು ಕಾಣುತ್ತದೆ. ಹಳೆಯ ಕೋವಿಯ ಬೆಲೆ ಕಟ್ಟುವವರು ಮೊದಲು ಬೆರಳಾಡಿಸುವುದು ಆ ಸಂದಿನ ಮೇಲೆ.

ಹಲವು ಕೈಗಳು

18ನೆಯ ಶತಮಾನದ ಇಂಗ್ಲಿಷ್ ಕೋವಿಯೊಂದು ಅಂಗಡಿಗೆ ಬರುವ ಹೊತ್ತಿಗೆ ನಳಿಗೆ ಬೆಸೆಯುವವನು, ಕೊರೆಯುವವನು, ಲಾಕು ಬಡಿಯುವವನು, ಅದನ್ನು ಅರದಿಂದ ಉಜ್ಜುವವನು, ಮರ ಕೂರಿಸುವವನು, ಹಿತ್ತಾಳೆ ಎರಕ ಹೊಯ್ಯುವವನು, ಕೆತ್ತನೆಯವನು ಎಂದು ಹತ್ತಾರು ಕೈ ದಾಟಿರುತ್ತಿತ್ತು. ಬರ್ಮಿಂಗ್‌ಹ್ಯಾಮ್ ಬಳಿಯ ಡಾರ್ಲಸ್ಟನ್ ಲಾಕಿಗೆ ಹೆಸರಾದರೆ ವೆನ್ಸ್‌ಬರಿ ನಳಿಗೆಗೆ. ಕೋವಿಯ ಮೇಲೆ ಹೆಸರು ಕೆತ್ತಿಸಿಕೊಂಡವನು ಬಹಳ ಸಲ ಬಿಡಿಭಾಗ ಕೊಂಡು ಜೋಡಿಸಿದ ವರ್ತಕನಷ್ಟೇ. ಹೀಗಿದ್ದೂ ಒಂದು ಕೋವಿಯ ತಿರುಪು ಇನ್ನೊಂದಕ್ಕೆ ಹೊಂದುತ್ತಿರಲಿಲ್ಲ. ಆ ತೊಡಕನ್ನು ಬಿಡಿಸಲು ಹೊರಟವನು ಫ್ರಾನ್ಸಿನ ಒನೊರೆ ಬ್ಲಾಂ. ಪ್ಯಾರಿಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ 1785ರಲ್ಲಿ ಅವನ ಕಾರ್ಯಾಗಾರಕ್ಕೆ ಹೋಗಿ, ರಾಶಿಯಿಂದ ಕೈಗೆ ಸಿಕ್ಕ ಬಿಡಿಭಾಗಗಳನ್ನು ತೆಗೆದು ತಾನೇ ಲಾಕುಗಳನ್ನು ಜೋಡಿಸಿ ನೋಡಿದ. ಎಲ್ಲವೂ ಸರಿಯಾಗಿ ಕೂತವು. ಇಂದಿನ ಕಾರ್ಖಾನೆಗಳ ಬದಲಿ ಬಿಡಿಭಾಗದ ತತ್ತ್ವ ತಲೆಯೆತ್ತಿದ ಜಾಗಗಳಲ್ಲಿ ಚಕಮಕಿ ಲಾಕೂ ಒಂದು.

ಬಗೆಗಳು

ಸೈನ್ಯದ ಮಸ್ಕೆಟ್ ಎಲ್ಲರಿಗೂ ಗೊತ್ತಿರುವ ಬಗೆ. ಬ್ರೌನ್ ಬೆಸ್ ಎಂದು ಅಡ್ಡಹೆಸರು ಪಡೆದ ಬ್ರಿಟಿಷ್ ಮಸ್ಕೆಟಿನ ನಳಿಗೆ 0.75 ಅಂಗುಲದ್ದು, ಗುಂಡು ಮಾತ್ರ 0.69ರದ್ದು. ನಾಲ್ಕಾರು ಈಡು ಹಾರಿದ ಮೇಲೆ ಮಸಿ ಕಟ್ಟಿದ ನಳಿಗೆಯಲ್ಲೂ ಗುಂಡು ಸಲೀಸಾಗಿ ಇಳಿಯಲೆಂದು ಈ ಸಡಿಲ. ಇಳಿಯುವುದು ಸಲೀಸಾಯಿತು, ಗುರಿ ಹಾಳಾಯಿತು. ಫ್ರೆಂಚರ ಮಸ್ಕೆಟಿನ ಮೊದಲ ಏಕರೂಪದ ಮಾದರಿ 1717ರದ್ದು. ಭಾರತದಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿಗಳಿಗೆ ಬಳಸುತ್ತಿದ್ದ 39 ಅಂಗುಲ ನಳಿಗೆಯ ಗಿಡ್ಡ ಮಸ್ಕೆಟನ್ನು 1790ರ ದಶಕದಲ್ಲಿ, ಫ್ರಾನ್ಸಿನ ಜೊತೆಗಿನ ಯುದ್ಧದ ಅವಸರದಲ್ಲಿ, ಬ್ರಿಟಿಷ್ ಸರಕಾರವೇ ಕೊಂಡು ತನ್ನ ಸೈನ್ಯಕ್ಕೂ ಕೊಟ್ಟಿತು. ಇಂಡಿಯಾ ಮಾದರಿ ಎಂಬ ಹೆಸರು ಹೀಗೆ ಬಂದದ್ದು.

ಆದರೆ ಕೋವಿಗಾರನ ಕೈಚಳಕ ನೋಡಬೇಕಾದರೆ ಮಸ್ಕೆಟನ್ನು ಬಿಟ್ಟು ಹಕ್ಕಿಬೇಟೆಯ ಕೋವಿಗೆ ಬರಬೇಕು. ತೆಳುನಳಿಗೆ, ಹಗುರ ಮರ, ಚುರುಕು ಲಾಕು. ಲಂಡನ್ನಿನ ಹೆನ್ರಿ ನಾಕ್ 1787ರಲ್ಲಿ ಪೇಟೆಂಟ್ ಪಡೆದ ನಳಿಗೆಬುಡ ಮದ್ದು ಬೇಗ ಉರಿಯುವಂತೆ ಮಾಡಿತು. ಜೋಸೆಫ್ ಮ್ಯಾಂಟನ್ ಅದೇ ಊರಿನಲ್ಲಿ ಚಕಮಕಿ ಕೋವಿಯನ್ನು ಅದರ ಪರಾಕಾಷ್ಠೆಗೆ ಒಯ್ದ. ಬ್ರಿಸ್ಟಲಿನ ವಿಲಿಯಂ ವಾಟ್ಸ್ ಕರಗಿದ ಸೀಸವನ್ನು ಎತ್ತರದಿಂದ ಸುರಿದು ದುಂಡನೆಯ ಚರೆ ಮಾಡುವ ವಿಧಾನಕ್ಕೆ 1782ರಲ್ಲಿ ಪೇಟೆಂಟ್ ಪಡೆದದ್ದೂ ಈ ಬೇಟೆಗೆ ನೆರವಾಯಿತು.

ಮೂರನೆಯದು ವ್ಯಾಪಾರದ ಕೋವಿ. ಕೆನಡದಲ್ಲಿ ಹಡ್ಸನ್ಸ್ ಬೇ ಕಂಪನಿ ತುಪ್ಪಳಕ್ಕೆ ಬದಲಾಗಿ ಮೂಲನಿವಾಸಿಗಳಿಗೆ ಕೊಡುತ್ತಿದ್ದ ಕೋವಿ ಸುಮಾರು 24 ಬೋರಿನದು. ಲಾಕಿನ ಎದುರು ಬದಿಗೆ ಹಿತ್ತಾಳೆಯ ಸರ್ಪದ ಚಿತ್ರ, ಚಳಿಗೆ ಕೈಗವಸು ತೊಟ್ಟ ಬೆರಳೂ ಹೋಗುವಷ್ಟು ದೊಡ್ಡ ಟ್ರಿಗರ್ ಕಾಪು. ಸರ್ಪವಿಲ್ಲದ ಕೋವಿಯನ್ನು ಕೊಳ್ಳುವವರು ನಕಲಿ ಎಂದು ಅನುಮಾನಿಸುತ್ತಿದ್ದರು. ಬಯಲಿನ ಬೇಟೆಗಾರರು ಬೈಸನ್ ಬೇಟೆಯಲ್ಲಿ ಕುದುರೆಯ ಮೇಲೆ ಓಡುತ್ತಲೇ ಬಾಯಲ್ಲಿಟ್ಟುಕೊಂಡ ಗುಂಡನ್ನು ನಳಿಗೆಗೆ ಉಗುಳಿ ತುಂಬುತ್ತಿದ್ದರು. ಅಂಗಡಿ ನೂರಾರು ಮೈಲಿ ದೂರವಿರುವ ಕಡೆ ಚಕಮಕಿಗೆ ಒಂದು ಗುಣವಿತ್ತು: ಮುಂದೆ ಬಂದ ಬಗೆಯಂತೆ, ಪೆಟ್ಟಿಗೆ ಸಿಡಿಯುವ ತಾಮ್ರದ ಕೇಪು ತೀರಿತೆಂಬ ಚಿಂತೆಯಿಲ್ಲ. ಪಶ್ಚಿಮ ಆಫ್ರಿಕಕ್ಕೆ ಬರ್ಮಿಂಗ್‌ಹ್ಯಾಮ್ ಮತ್ತು ಬೆಲ್ಜಿಯಮಿನ ಲಿಯೇಜಿನಿಂದ ಹಡಗುಗಟ್ಟಲೆ ಕೋವಿ ಹೋದವು. ಗುಲಾಮರ ವ್ಯಾಪಾರದ ಕಾಲದಲ್ಲಿ ಮನುಷ್ಯರಿಗೆ ಬದಲಾಗಿಯೂ ಹೋದವು. ಅಲ್ಲಿನ ಕಮ್ಮಾರರು ಅವನ್ನು ನೋಡಿ ಕಲಿತರು. ನೈಜೀರಿಯದಲ್ಲಿ ಡೇನ್ ಕೋವಿ ಎಂದು ಕರೆಯುವ ಸ್ಥಳೀಯ ಕೋವಿ ಬೇಟೆಗಾರರ ಕೈಯಲ್ಲಿ, ಹಬ್ಬ ಮತ್ತು ಶವಸಂಸ್ಕಾರದ ಮೆರವಣಿಗೆಗಳಲ್ಲಿ ಈಗಲೂ ಕಾಣುತ್ತದೆ.

ಮೈಸೂರು ಮತ್ತು ಕೊಡಗು

ಭಾರತದ ಬಹುಪಾಲು ಅರಸರ ಪಡೆಗಳು ಚಕಮಕಿ ಬಂದ ಮೇಲೂ ಬತ್ತಿ ಕೋವಿಯನ್ನೇ ಹಿಡಿದಿದ್ದವು. ಇದನ್ನು ಹಿಂದುಳಿದಿರುವಿಕೆ ಎಂದು ತಳ್ಳಿಹಾಕುವುದು ಅವಸರದ ಮಾತು. ಬತ್ತಿ ಕೋವಿಯನ್ನು ಊರ ಕಮ್ಮಾರ ರಿಪೇರಿ ಮಾಡಬಲ್ಲ. ಹದಗೊಳಿಸಿದ ಸ್ಪ್ರಿಂಗು, ತಕ್ಕ ಕಲ್ಲು ಬೇಕಿಲ್ಲ. ಈ ರೂಢಿಯನ್ನು ಮೀರಿದ ರಾಜ್ಯಗಳಲ್ಲಿ ಮೈಸೂರು ಒಂದು. ಟಿಪ್ಪು ಸುಲ್ತಾನ್ ಶ್ರೀರಂಗಪಟ್ಟಣದ ಜೊತೆಗೆ ನಗರ, ಚಿತ್ರದುರ್ಗ, ಬೆಂಗಳೂರುಗಳಲ್ಲೂ ಆಯುಧದ ಕಾರ್ಖಾನೆ ನಡೆಸಿದ. ಫ್ರೆಂಚ್ ಕುಶಲಕರ್ಮಿಗಳನ್ನು ಕರೆಸಿಕೊಂಡ. ಅವನ ಸ್ವಂತದ ಬೇಟೆಕೋವಿಗಳಲ್ಲಿ ಹುಲಿಮುಖ, ಹುಲಿಪಟ್ಟೆಯ ಬಬ್ರಿ ವಿನ್ಯಾಸ ಎದ್ದು ಕಾಣುತ್ತವೆ. ಕೆಲವದರ ಕುದುರೆಯೇ ಹುಲಿಯ ಆಕಾರದ್ದು. ನಳಿಗೆಯ ಮೇಲೆ ಹೈದರನ ಹೆಸರಿನ ಮುದ್ರೆ, ಟಿಪ್ಪು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ, ಶ್ರೀರಂಗಪಟ್ಟಣವನ್ನು ಸೂಚಿಸುವ ಪಟನ್ ಎಂಬ ಸ್ಥಳನಾಮ, ಮಾಡಿದವನ ರುಜು. ನಮ್ಮ ಕಡೆ ಕುಶಲಕರ್ಮಿಯ ಹೆಸರು ಉಳಿದಿರುವ ಕೆಲಸಗಳು ಕಡಿಮೆ. ಈ ಕೋವಿಗಳು ಆ ಕೊರತೆಗೆ ಅಪವಾದ. 1799ರಲ್ಲಿ ಶ್ರೀರಂಗಪಟ್ಟಣದ ಕೋಟೆ ಬಿದ್ದ ಮೇಲೆ ಅವು ಇಂಗ್ಲೆಂಡಿನ ಮನೆಗಳಿಗೆ ಹೋದವು. ರಾಬಿನ್ ವಿಗಿಂಗ್ಟನ್ 1992ರಲ್ಲಿ ಇವುಗಳ ಮೇಲೆ ಒಂದು ಇಡೀ ಗ್ರಂಥ ಬರೆದ. 1793–94ರ ಸುಮಾರಿನ ಒಂದು 14 ಬೋರ್ ಕೋವಿ ದೇಶ ಬಿಟ್ಟು ಹೋಗದಂತೆ ಬ್ರಿಟನ್ ಸರಕಾರ 2023ರಲ್ಲಿ ತಾತ್ಕಾಲಿಕ ತಡೆ ಹಾಕಿತು. ಅದಕ್ಕೆ ಕಟ್ಟಿದ ಬೆಲೆ 20 ಲಕ್ಷ ಪೌಂಡ್. ಕೊಳ್ಳೆಯ ಮಾಲು ಕೊಳ್ಳೆ ಹೊಡೆದವರ ಪರಂಪರೆಯಾಗಿಬಿಟ್ಟಿದೆ.

ಕೊಡಗಿನ ನಂಟು ಬೇರೆ ಬಗೆಯದು. ಕೊಡವರ ತೋಕ್, ಎಂದರೆ ಕೋವಿ, ಚಕಮಕಿಯದೇ ಆಗಿರಬೇಕಿಲ್ಲ. ಬತ್ತಿ, ಕೇಪು, ತೋಟಾ ಎಲ್ಲವೂ ಆ ಹೆಸರಿನಡಿ ಬರುತ್ತವೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಯನ್ನು ದೇವರ ಮುಂದಿಟ್ಟು ತೋಕ್‌ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುವುದು, ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವುದು ಇಂದಿಗೂ ನಡೆದಿದೆ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ಪರವಾನಗಿ ವಿನಾಯಿತಿ ರೂಪ ಬದಲಿಸುತ್ತಾ ಉಳಿದುಬಂದಿದೆ. ಕೇಂದ್ರ ಸರಕಾರ ಅದನ್ನು 2029ರವರೆಗೆ ಮುಂದುವರಿಸಿದೆ.

ಹಾರಿಸುವ ಬಗೆ

ಕ್ರಮ ಹೇಳುವುದು ಸುಲಭ: ಅಳೆದ ಮದ್ದು, ಅದರ ಮೇಲೆ ನಾರು ಅಥವಾ ಕಾಗದದ ಬಿರಡೆ, ಗುಂಡು ಅಥವಾ ಚರೆ, ಮತ್ತೊಂದು ಬಿರಡೆ, ಗಜದ ಒತ್ತು, ಕುದುರೆ ಅರ್ಧಕ್ಕೆ, ಬಟ್ಟಲಿಗೆ ಚಿಟಿಕೆ ರಂಜಕ, ಮುಚ್ಚಳ, ಕುದುರೆ ಪೂರ್ತಿ. ತರಬೇತಾದ ಸೈನಿಕ ಕಾಗದದ ತೋಟಾ ಹರಿದು ಇದನ್ನೆಲ್ಲ ನಿಮಿಷಕ್ಕೆ ಮೂರು ಸಲ ಮಾಡುತ್ತಿದ್ದ. ಕಷ್ಟವಿರುವುದು ಟ್ರಿಗರ್ ಎಳೆದ ಮೇಲೆ. ಕಲ್ಲಿನ ಪೆಟ್ಟು, ಬಟ್ಟಲಿನ ಬುಸ್ಸೆಂಬ ಬೆಂಕಿ, ಆಮೇಲೆ ಈಡು. ಒಳ್ಳೆಯ ಲಾಕಿನಲ್ಲಿ ಇವು ಒಂದೇ ಸದ್ದಿನಂತೆ ಕೇಳುತ್ತವೆ, ಕೆಟ್ಟದ್ದರಲ್ಲಿ ಬಿಡಿಬಿಡಿಯಾಗಿ. ಕಣ್ಣಿನ ಪಕ್ಕದಲ್ಲೇ ಬೆಂಕಿ ಎದ್ದಾಗ ಮುಖ ತಿರುಗಿಸುವುದು ಸಹಜ, ಅಷ್ಟರಲ್ಲಿ ನಳಿಗೆಯೂ ತಿರುಗಿರುತ್ತದೆ. ಹಾರುವ ಹಕ್ಕಿಗೆ ಗುರಿಯಿಟ್ಟವನು ಈಡು ಹಾರಿದ ಮೇಲೂ ನಳಿಗೆಯನ್ನು ಹಕ್ಕಿಯ ಜೊತೆಗೇ ಸಾಗಿಸುತ್ತಿರಬೇಕು. ರಂಜಕ ಹೆಚ್ಚಾಗಿ ಕಿವಿಯನ್ನೇ ಮುಚ್ಚಿಬಿಟ್ಟರೆ ಬೆಂಕಿ ನೆಗೆಯುವ ಬದಲು ಬತ್ತಿಯಂತೆ ನಿಧಾನವಾಗಿ ಒಳಗೆ ಸಾಗುತ್ತದೆ. ಹೆಚ್ಚು ಹಾಕಿದರೆ ಬೇಗ ಹೊತ್ತುತ್ತದೆಂದು ತಿಳಿದು ಹೊಸಬರು ಮಾಡುವ ತಪ್ಪು ಇದು. ಬಟ್ಟಲು ಹೊತ್ತಿಯೂ ನಳಿಗೆ ಸುಮ್ಮನಿದ್ದರೆ ಕೋವಿಯನ್ನು ಗುರಿಯ ಕಡೆಗೇ ಹಿಡಿದು ಕಾಯಬೇಕು. ಈಡು ತಡವಾಗಿ ಹಾರಿ ಅನಾಹುತವಾದದ್ದುಂಟು.

ಕಪ್ಪುಮದ್ದು ಉರಿದಾಗ ಅರ್ಧಕ್ಕೂ ಹೆಚ್ಚು ಭಾಗ ಅನಿಲವಾಗದೆ ಹೊಗೆ, ಮಸಿಯಾಗಿ ಉಳಿಯುತ್ತದೆ. ಆ ಮಸಿ ಗಾಳಿಯ ತೇವ ಹೀರಿ ಕಬ್ಬಿಣವನ್ನು ತಿನ್ನುವುದರಿಂದ ಹಾರಿಸಿದ ದಿನವೇ ನಳಿಗೆಯನ್ನು ನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಹಚ್ಚಬೇಕು. ಗುರಿಯ ವಿಷಯದಲ್ಲಿ ಬ್ರಿಟಿಷ್ ಸೇನಾಧಿಕಾರಿ ಜಾರ್ಜ್ ಹ್ಯಾಂಗರ್ 1814ರಲ್ಲಿ ಕೊಟ್ಟ ತೀರ್ಪು ಕಟುವಾದದ್ದು: ಸೈನಿಕನ ಮಸ್ಕೆಟ್ ತೀರ ಕೆಟ್ಟದ್ದಲ್ಲದಿದ್ದರೆ 80 ಗಜದಲ್ಲಿ ಮನುಷ್ಯನಿಗೆ ತಾಗಬಹುದು, 200 ಗಜದಲ್ಲಿ ಹೊಡೆಯುವುದೂ ಚಂದ್ರನಿಗೆ ಹೊಡೆಯುವುದೂ ಒಂದೇ ಎಂಬುದು ಅದರ ತಾತ್ಪರ್ಯ.

ಅಳಿವು, ಮರುಹುಟ್ಟು

ಚಕಮಕಿಯ ಶತ್ರು ಮಳೆ. ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್, ಪೆಟ್ಟಿಗೆ ಸಿಡಿಯುವ ರಾಸಾಯನಿಕದಿಂದ ಮದ್ದು ಹೊತ್ತಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದ. ಅದರ ಮುಂದಿನ ರೂಪವೇ ತಾಮ್ರದ ಕೇಪು. 1834ರಲ್ಲಿ ವುಲಿಚ್‌ನಲ್ಲಿ ಎರಡೂ ಬಗೆಯಿಂದ ಆರಾರು ಸಾವಿರ ಈಡು ಹಾರಿಸಿ ನೋಡಿದಾಗ ಚಕಮಕಿ 922 ಸಲ ಕೈಕೊಟ್ಟಿತು, ಕೇಪು 36 ಸಲ. 1841ರ ಮೇ ಕೊನೆಯಲ್ಲಿ, ಮೊದಲನೆಯ ಅಫೀಮು ಯುದ್ಧದ ಹೊತ್ತಿಗೆ, ಕ್ಯಾಂಟನ್ ಬಳಿ ಜಡಿಮಳೆಯಲ್ಲಿ 37ನೆಯ ಮದರಾಸು ನೇಟಿವ್ ಇನ್ಫೆಂಟ್ರಿಯ ಒಂದು ತುಕಡಿ ಚೀನೀ ಹಳ್ಳಿಗರ ನಡುವೆ ಸಿಕ್ಕಿಕೊಂಡಿತು. ಅವರ ಚಕಮಕಿ ಕೋವಿಗಳು ಒದ್ದೆಯಾಗಿ ಒಂದೂ ಹಾರಲಿಲ್ಲ. ಬಂದೂಕಿನ ಸನೀನನ್ನೇ ನೆಚ್ಚಿ ಅವರು ನಿಂತರು. ಕೇಪಿನ ಕೋವಿ ಹಿಡಿದ ನೌಕಾಸೈನಿಕರು ಬಂದು ಅವರನ್ನು ಬಿಡಿಸಿದರು. ನಮ್ಮ ಮಲೆನಾಡಿನ ಕೇಪಿನ ಕೋವಿ ಚಕಮಕಿಯ ನೇರ ವಾರಸುದಾರ: ಅದೇ ನಯನಳಿಗೆ, ಅದೇ ಗಜ, ಬದಲಾದದ್ದು ಕಿಡಿಯ ಮೂಲ ಮಾತ್ರ.

ಮರುಹುಟ್ಟು ಅಮೆರಿಕದಲ್ಲಾಯಿತು. ಬಾಯಿಂದ ತುಂಬುವ ಕೋವಿಗಳ ರಾಷ್ಟ್ರೀಯ ಸಂಘ 1933ರಲ್ಲಿ ಹುಟ್ಟಿತು. ವರ್ಜೀನಿಯದ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನಲ್ಲಿ ವಾಲೆಸ್ ಗಸ್ಲರ್ ನಳಿಗೆ, ಲಾಕು, ಮರ, ತಿರುಪು ಎಲ್ಲವನ್ನೂ 18ನೆಯ ಶತಮಾನದ ಉಪಕರಣಗಳಿಂದಲೇ ಮಾಡಿ ತೋರಿಸಿದರು. 1969ರ ಸಾಕ್ಷ್ಯಚಿತ್ರ ಆ ಕೆಲಸವನ್ನು ದಾಖಲಿಸಿದೆ. ಅವರು ಮಾಡಿದ್ದು ರೈಫಲ್ ಆದರೂ ನಯನಳಿಗೆಯ ಕೋವಿ ಕಟ್ಟುವವರಿಗೂ ಪಾಠಪುಸ್ತಕ ಅದೇ. ಇಂದಿನ ಹವ್ಯಾಸಿಗಳು ಹೆಚ್ಚಾಗಿ ನಳಿಗೆ, ಲಾಕುಗಳನ್ನು ಕೊಂಡು ಮರದ ಕೆಲಸ ತಾವು ಮಾಡುತ್ತಾರೆ. ಇದನ್ನು ಕಂಡು ಮೂಗು ಮುರಿಯುವವರಿಗೆ ಡಾರ್ಲಸ್ಟನ್ನಿನ ಕಥೆ ಹೇಳಬಹುದು. ಅಂತರರಾಷ್ಟ್ರೀಯ ಸ್ಪರ್ಧೆಗಳನ್ನು 1971ರಲ್ಲಿ ಸ್ಥಾಪನೆಯಾದ ಒಕ್ಕೂಟ ನಡೆಸುತ್ತದೆ. ಅಲ್ಲಿ 50 ಮೀಟರಿನಿಂದ ಚಕಮಕಿ ಮಸ್ಕೆಟ್ ಹೊಡೆಯುವ ಸ್ಪರ್ಧೆಗೆ ಮಿಕ್ಯುಲೆಟ್ ಎಂದೂ, ಮಣ್ಣಿನ ಬಿಲ್ಲೆ ಹಾರಿಸಿ ಚರೆಯಿಂದ ಹೊಡೆಯುವುದಕ್ಕೆ ಮ್ಯಾಂಟನ್ ಎಂದೂ ಹೆಸರು.

ಕಾನೂನು ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ 1968ರ ಒಕ್ಕೂಟ ಕಾಯಿದೆ ಚಕಮಕಿ ಕೋವಿಯನ್ನು ಪುರಾತನ ವಸ್ತುಗಳ ಸಾಲಿಗೆ ಸೇರಿಸಿ ಸಡಿಲ ಬಿಟ್ಟಿದೆ. ಭಾರತದಲ್ಲಿ ಹಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿ ಇಲ್ಲದೆ ಕೋವಿ ತಯಾರಿಸುವುದು, ರಿಪೇರಿ ಮಾಡುವುದು ಅಪರಾಧ. ಬಾಯಿಂದ ತುಂಬುವ ಹಳೆಯ ಬಗೆಯದ್ದಾದರೂ ಹಾರುವ ಕೋವಿ ಕೋವಿಯೇ.